1955ರ ಕ್ಲೆಮೆಂಟೆ ರೂಕಿ ಹರಾಜಿಗಿದೆ: ರಾ ಕಾರ್ಡಿಗೆ ಬಿಡ್ ಮಾಡೋದೋ, ಸ್ಲ್ಯಾಬ್‌ಗೆ ಕಾಯೋದೋ?

ಹರಾಜುಕಟ್ಟೆ:
ಈಬೇನಲ್ಲಿ ಟಾಪ್ಸ್ ಕಂಪನಿಯ 1955ರ ಬೇಸ್‌ಬಾಲ್ ಕಾರ್ಡ್ ಸೆಟ್ಟಿನ 164ನೇ ನಂಬರ್, ಆಟಗಾರ ರಾಬರ್ಟೊ ಕ್ಲೆಮೆಂಟೆಯ ರೂಕಿ (ಮೊದಲ ವರ್ಷದ) ಕಾರ್ಡ್ ಬಂದಿದೆ. ರಾ ಕಾರ್ಡು, ಅಂದ್ರೆ ಗ್ರೇಡ್ ಆಗಿಲ್ಲ: ಯಾವ ಕಂಪನಿಯೂ ಪರೀಕ್ಷಿಸಿ, 10ರವರೆಗಿನ ಅಂಕ ಕೊಟ್ಟು, ಸ್ಲ್ಯಾಬ್ ಅನ್ನೋ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಲ್ಲ. ಮುಂದಿನದೊಂದು, ಹಿಂದಿನದೊಂದು, ಎರಡೇ ಸ್ಕ್ಯಾನ್ ಹಾಕಿದ್ದಾರೆ. ಮುಗಿಯೋಕೆ ಎರಡು ದಿನ ಇದೆ. ಪ್ಲಾಸ್ಟಿಕ್ ಡಬ್ಬಿಗೆ ದುಡ್ಡು ಸುರಿಯೋದು ದಂಡ ಅನ್ನೋದು ನನ್ನ ಅಭಿಪ್ರಾಯ. 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಭೂತಗನ್ನಡಿ), ಅಳೆಯೋಕೆ ಡಿಜಿಟಲ್ ಕ್ಯಾಲಿಪರ್, ಒಂದು ಯುವಿ (ನೇರಳಾತೀತ) ಟಾರ್ಚ್ ಇದ್ರೆ ಸಾಕು. ಅಳತೆ 2⅝ × 3¾ ಇಂಚು, ಅಂದ್ರೆ 66.7 × 95.25 ಮಿಮೀ ಇರಬೇಕು. ಟಾರ್ಚ್ ಬಿಟ್ಟಾಗ ನೀಲಿಯಾಗಿ ಹೊಳೆದ್ರೆ ನಕಲಿ, ಹೊಳೀದಿದ್ರೆ ಅಸಲಿ.

ಮಡಿಕೆಗೆರೆ:
"ಎರಡೇ ಸ್ಕ್ಯಾನ್" ಅಂತ ನೀವೇ ಬರೆದಿದ್ದೀರಿ, ಮಾತು ಅಲ್ಲೇ ಮುಗೀತು. ಸ್ಕ್ಯಾನರ್ ಬೆಳಕು ಕಾರ್ಡಿನ ಮೇಲೆ ಸಮವಾಗಿ ಬೀಳುತ್ತೆ, ಗಾಜು ಕಾರ್ಡನ್ನ ಚಪ್ಪಟೆ ಒತ್ತಿರುತ್ತೆ. ಬಣ್ಣ, ಮೂಲೆ, ಸೆಂಟರಿಂಗ್ (ಚಿತ್ರ ಸರಿಯಾಗಿ ನಡುವೆ ಕೂತಿದೆಯಾ ಅನ್ನೋದು) ಚೆನ್ನಾಗಿ ಕಾಣುತ್ತೆ, ಆದ್ರೆ ಕಾಗದ ಹರಿಯದ ಸಣ್ಣ ಮಡಿಕೆ ಪೂರ್ತಿ ಮಾಯ. ಅದೇ ಕಾರ್ಡನ್ನ ಕಿಟಕಿ ಪಕ್ಕ ಓರೆಯಾಗಿ ಹಿಡಿದು ಫೋಟೋ ತೆಗೆದ್ರೆ, ಮುಖದ ಮೇಲೆ ಕೂದಲೆಳೆಯಷ್ಟು ಗೆರೆ ಎದ್ದು ಕಾಣುತ್ತೆ. ಆ ಒಂದು ಗೆರೆ 6ನೇ ಗ್ರೇಡಿನ ಕಾರ್ಡನ್ನ 3ಕ್ಕೋ 4ಕ್ಕೋ ಇಳಿಸುತ್ತೆ. ಓರೆ ಬೆಳಕಿನ ಫೋಟೋ ಕೇಳಿ. ಕಳಿಸದಿದ್ರೆ ಬಿಟ್ಟುಬಿಡಿ.

ಗೌಡಿಗೂಡು33:
"ಹೊಳೆದ್ರೆ ನಕಲಿ, ಹೊಳೀದಿದ್ರೆ ಅಸಲಿ" ಅನ್ನೋದನ್ನ ದಯವಿಟ್ಟು ತೆಗೆದುಹಾಕಿ. ಹೊಸಬರು ಓದಿ ದುಡ್ಡು ಕಳಕೊಳ್ತಾರೆ. ಯುವಿಗೆ ಹೊಳೆಯೋದು ಕಾಗದಕ್ಕೆ ಬಿಳುಪಿಗೆ ಹಾಕೋ ರಾಸಾಯನಿಕ. ಅದರ ಬಳಕೆ ಶುರುವಾಗಿದ್ದೇ ಎರಡನೇ ಮಹಾಯುದ್ಧದ ಆಸುಪಾಸು. 1909-11ರ ಟಿ206 ಸೆಟ್ಟಿನ ಕಾರ್ಡ್ ಅಥವಾ 1933ರ ಗೌಡಿ ಕಂಪನಿಯ ಕಾರ್ಡ್ ಹೊಳೆದ್ರೆ ಅನುಮಾನಪಡಿ, ಸರಿ. 1955ರ ಕಾರ್ಡಿಗೆ ಈ ಪರೀಕ್ಷೆ ಏನೂ ಹೇಳಲ್ಲ.

ಹರಾಜುಕಟ್ಟೆ:
"ಅನುಮಾನಪಡಿ, ಸರಿ" ಅಂತ ನೀವೇ ಒಪ್ಪಿದ್ರಲ್ಲ. ಹಾಗಾದ್ರೆ ಟಾರ್ಚ್ ಕೆಲಸ ಮಾಡುತ್ತೆ. ಮನೆ ಪ್ರಿಂಟರ್ ಹಾಳೆಯಲ್ಲಿ ಮಾಡಿದ ನಕಲಿ ಕತ್ತಲಲ್ಲಿ ದೀಪದ ಹಾಗೆ ಉರಿಯುತ್ತೆ.

ಗೌಡಿಗೂಡು33:
ಒಪ್ಪಿದ್ದು ಯುದ್ಧಕ್ಕೂ ಮುಂಚಿನ ಕಾರ್ಡಿಗೆ ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ. ಹೊಳೀದಿದ್ರೆ ಅಸಲಿ ಅನ್ನೋಕಾಗಲ್ಲ, ಹಳೇ ಪುಸ್ತಕದ ಖಾಲಿ ರಟ್ಟಿನ ಮೇಲೆ ಮುದ್ರಿಸಿದ ನಕಲಿಯೂ ಹೊಳೆಯಲ್ಲ. ಲೂಪ್ ಹಿಡೀರಿ. ಆ ಕಾಲದ ಅಸಲಿ ಕಾರ್ಡಲ್ಲಿ ಚಿತ್ರ ಚುಕ್ಕಿಗಳಿಂದ ಆಗಿರುತ್ತೆ, ಕಪ್ಪು ಅಕ್ಷರ ಮಾತ್ರ ಗಟ್ಟಿ ಶಾಯಿ, ಅಂಚು ಚೂಪು. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕಿಯಾಗಿ ಒಡೆದಿರುತ್ತೆ. ಯುವಿ ಇದನ್ನ ತೋರಿಸಲ್ಲ.

ಮಿಲಿಮೀಟರ್:
ನಕಲಿ ನಕಲಿ ಅಂತ ಇಬ್ಬರೂ ಯಾಕೆ ಇಷ್ಟು ಜಗಳ ಮಾಡ್ತಿದ್ದೀರೋ! ಈ ಬೆಲೆಯ ರಾ ಕಾರ್ಡಲ್ಲಿ ನಿಜವಾದ ಭಯ ಟ್ರಿಮ್. ಸವೆದ ಮೂಲೆಯನ್ನ ಚೂಪು ಮಾಡೋಕೆ ಅಂಚು ಕತ್ತರಿಸಿರ್ತಾರೆ. ನಾಲ್ಕರಲ್ಲಿ ಒಂದು ಅಂಚು ಮಾತ್ರ ಬೆಳ್ಳಗಿದ್ದು, ಮಿಕ್ಕ ಮೂರು ಕಂದು ತಿರುಗಿದ್ರೆ ಅಲ್ಲೇ ನಿಲ್ಲಿ. ಆಮೇಲೆ ಕ್ಯಾಲಿಪರ್ ಒಂದನ್ನೇ ನಂಬಬೇಡಿ, ಕಾರ್ಖಾನೆಯ ಅಳತೆಯೇ ಒಂದಿಷ್ಟು ಹೆಚ್ಚುಕಡಿಮೆ ಇರ್ತಿತ್ತು. ಅದೇ 1955ರ ಸೆಟ್ಟಿನ ಅಗ್ಗದ ಮಾಮೂಲಿ ಕಾರ್ಡ್ ನಾಲ್ಕೈದು ಇಟ್ಕೊಂಡು ಜೊತೆಗೆ ಜೋಡಿಸಿ ನೋಡಿ. ಒಳಕ್ಕೆ ಬಾಗಿದ ಅಂಚು ಆಗ ಕಣ್ಣಿಗೆ ಹೊಡೆಯುತ್ತೆ.

ಲೈಟ್‌ಹೌಸ್8:
"ನಿಜವಾದ ಭಯ ಟ್ರಿಮ್" ಅಂದ್ರಲ್ಲ, ಅದಕ್ಕೇ ಸ್ಲ್ಯಾಬ್ ಇರೋದು ಸ್ವಾಮಿ. ಗ್ರೇಡಿಂಗ್ ಕಂಪನಿ ಪಿಎಸ್‌ಎಯ ಡಬ್ಬಿಯಲ್ಲಿ ನಂಬರ್ ಗ್ರೇಡ್ ಬಂದ್ರೆ ಟ್ರಿಮ್ ಆಗಿಲ್ಲ ಅಂತಲೇ ಅರ್ಥ. ಪಿಎಸ್‌ಎ ತಾಣದಲ್ಲಿ ಲೇಬಲ್ಲಿನ ನಂಬರ್ ಹುಡುಕಿ, ಬಿಡ್ ಮಾಡಿ, ನಿಶ್ಚಿಂತೆಯಾಗಿ ಮಲಗಿ.

ಮಿಲಿಮೀಟರ್:
"ಅಂತಲೇ ಅರ್ಥ"? ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡ್ ಯಾವುದು ಗೊತ್ತಾ? ಟಿ206 ಹೋನಸ್ ವ್ಯಾಗ್ನರ್. 1991ರಲ್ಲಿ ಐಸ್ ಹಾಕಿ ತಾರೆ ವೇನ್ ಗ್ರೆಟ್ಸ್ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಸೇರಿ 4,51,000 ಡಾಲರಿಗೆ ಕೊಂಡಿದ್ದು. ಸಿಕ್ಕ ಗ್ರೇಡ್ 8. ಅದರ ಅಂಚು ತಾನೇ ಕತ್ತರಿಸಿದ್ದು ಅಂತ ಕಾರ್ಡು ಹರಾಜಿನ ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ.

ಲೈಟ್‌ಹೌಸ್8:
1991ರ ಒಂದು ಕಾರ್ಡ್ ಹಿಡ್ಕೊಂಡು ಎಲ್ಲಾ ಸ್ಲ್ಯಾಬಿಗೂ ಮಸಿ ಬಳೀಬೇಡಿ. ಅದು ಕಂಪನಿ ಶುರುವಾದ ವರ್ಷ.

ಮಡಿಕೆಗೆರೆ:
"ನಂಬರ್ ಹುಡುಕಿ" ಅಂದಿದ್ದೂ ಅರ್ಧ ಮಾತು. ನಕಲಿ ಡಬ್ಬಿ ಮಾಡೋರು ಅಸಲಿ ನಂಬರನ್ನೇ ಕದ್ದು ಲೇಬಲ್ಲಿಗೆ ಹಾಕ್ತಾರೆ. ಹುಡುಕಿದ್ರೆ ಸರಿಯಾದ ಕಾರ್ಡೇ ಬರುತ್ತೆ. ಪಿಎಸ್‌ಎ ತಾಣದಲ್ಲಿ ಆ ನಂಬರಿನ ಚಿತ್ರ ಇದ್ರೆ ಮೂಲೆಮೂಲೆ ಹೋಲಿಸಿ. ಸೆಂಟರಿಂಗ್, ಮುದ್ರಣದ ಚುಕ್ಕೆ, ಅಂಚಿನ ಕಲೆ ಬೆರಳಚ್ಚಿದ್ದ ಹಾಗೆ, ಎರಡು ಕಾರ್ಡಿಗೆ ಒಂದೇ ತರ ಇರಲ್ಲ.

ಹರಾಜುಕಟ್ಟೆ:
ಸ್ಲ್ಯಾಬೂ ನಕಲಿ ಬರುತ್ತೆ ಅಂತಾಯ್ತಲ್ಲ, ನಾನು ಮೊದಲೇ ಹೇಳಿದ್ದು ಅದೇ. ರಾ ತಗೊಂಡ್ರೆ ಈಬೇ ಗ್ಯಾರಂಟಿ ಇದೆ, "ವಾಪಸ್ ಇಲ್ಲ" ಅಂತ ಬರೆದಿದ್ರೂ ವಿವರಣೆಗೆ ಹೊಂದದಿದ್ರೆ ತಲುಪಿದ 30 ದಿನದೊಳಗೆ ದೂರು ಕೊಡಬಹುದು. ಬಂದ ದಿನವೇ ಟಾರ್ಚ್ ಹಾಕಿ ನೋಡಿದ್ರಾಯ್ತು.

ಗೌಡಿಗೂಡು33:
ಮತ್ತೆ ಟಾರ್ಚ್! ಎಷ್ಟು ಸಲ ಹೇಳೋದು ರೀ? 1955ರ ಕಾರ್ಡಿಗೆ ಅದು ಪುರಾವೆ ಅಲ್ಲ, ಅಲ್ಲ, ಅಲ್ಲ. "ಟಾರ್ಚಲ್ಲಿ ಹೊಳೀತು" ಅಂತ ದೂರು ಕೊಟ್ರೆ ಯಾರು ಕೇಳ್ತಾರೆ? ಗ್ರೇಡಿಂಗಿಗೆ ಕಳಿಸಿ "ಟ್ರಿಮ್ ಆಗಿದೆ" ಅಂತ ಬರೆಸ್ಕೊಂಡು ಬರೋಷ್ಟರಲ್ಲಿ ನಿಮ್ಮ 30 ದಿನ ಕಳೆದಿರುತ್ತೆ.

ಹರಾಜುಕಟ್ಟೆ:
ಧ್ವನಿ ಏರಿಸಿದ ಮಾತ್ರಕ್ಕೆ ವಾದ ಗೆಲ್ಲಲ್ಲ. ಪ್ರಿಂಟರ್ ಹಾಳೆ ಹೊಳೆಯುತ್ತೋ ಇಲ್ವೋ, ಅಷ್ಟು ಹೇಳಿ ಸಾಕು.

ಗೌಡಿಗೂಡು33:
ಹೊಳೆಯುತ್ತೆ. ಆಮೇಲಿನ ಕಾಲದ ಅಸಲಿ ಕಾರ್ಡುಗಳೂ ಹೊಳೆಯುತ್ತವೆ. ಹೊಳೆಯೋದೆಲ್ಲ ನಕಲಿಯಾದ್ರೆ ಅರ್ಧ ಸಂಗ್ರಹ ಕಸಕ್ಕೆ ಹಾಕಬೇಕು.

ಹರಾಜುಕಟ್ಟೆ:
"ಹೊಳೆಯುತ್ತೆ." ಸಾಕು, ಧನ್ಯವಾದ.

ಕೊನೆಕ್ಷಣ:
ಎರಡು ದಿನ ಇದೆ ಅಂತ ಬರೆದಿದ್ದಾರೆ, ಬಿಡ್ ಹೇಗೆ ಮಾಡೋದು ಅಂತ ಒಬ್ಬರೂ ಹೇಳ್ತಿಲ್ಲ. ಈಗಲೇ ಹಾಕಬೇಡಿ. ನಿಮ್ಮ ಮಿತಿ 1,850 ಡಾಲರ್ ಇದ್ರೆ ಕೊನೆಯ ಐದಾರು ಸೆಕೆಂಡಿನಲ್ಲಿ ಒಂದೇ ಸಲ 1,850 ಹಾಕಿ. ಎದುರಿನವರ ಮಿತಿ 1,600 ಆಗಿದ್ರೆ ನಿಮಗೆ ಬೀಳೋದು 1,625, ಆ ಹಂತದಲ್ಲಿ ಬಿಡ್ ಏರೋದು 25 ಡಾಲರಿನ ಮೆಟ್ಟಿಲಲ್ಲಿ.

ಲೈಟ್‌ಹೌಸ್8:
ಎದುರಿನವರಿಗಿಂತ 25 ಜಾಸ್ತಿ ಅಷ್ಟೇ ಬೀಳೋದಾದ್ರೆ ಇವತ್ತೇ 1,850 ಹಾಕಿದ್ರೇನು? ಲೆಕ್ಕ ಅದೇ ತಾನೇ.

ಕೊನೆಕ್ಷಣ:
ಅಲ್ಲ. ಇವತ್ತೇ ಹಾಕಿದ್ರೆ ಮಾರುವವರ ಕಡೆಯವರಿಗೆ ನಿಮ್ಮ ಮಿತಿ ತಡಕಾಡೋಕೆ ಎರಡು ದಿನ ಸಿಗುತ್ತೆ. ಏರಿಸ್ತಾ ಹೋಗಿ, ನಿಮ್ಮನ್ನ ದಾಟಿದ ಕೂಡಲೇ ಬಿಡ್ ಹಿಂತೆಗೆದ್ರೆ ಆಯ್ತು. 12 ಗಂಟೆಗಿಂತ ಹೆಚ್ಚು ಸಮಯ ಉಳಿದಿದ್ರೆ ಹಿಂತೆಗೆಯೋದು ಸುಲಭ, ಕೊನೆಯ 12 ಗಂಟೆಯಲ್ಲಾದ್ರೆ ಬಿಡ್ ಮಾಡಿದ ಒಂದು ಗಂಟೆಯೊಳಗೆ ಮಾತ್ರ. ಬಿಡ್ ಇತಿಹಾಸ ತೆರೆದು ನೋಡಿ. ಒಬ್ಬರ ಬಿಡ್‌ಗಳಲ್ಲಿ ಹೆಚ್ಚುಪಾಲು ಇದೇ ಮಾರುವವರಿಗೇ ಹೋಗಿದ್ದು, ಜೊತೆಗೆ ಹಿಂತೆಗೆತವೂ ಕಂಡ್ರೆ ಆ ಹರಾಜಿಗೆ ಕೈಹಾಕಬೇಡಿ.

ಮಿಲಿಮೀಟರ್:
ಇದು ಈಬೇಗೆ ಮಾತ್ರ. ದೊಡ್ಡ ಹರಾಜು ಮನೆಗಳಲ್ಲಿ ಗಡುವು ಮುಗಿದ ಮೇಲೂ ಬಿಡ್ ಬರ್ತಿದ್ರೆ ಸಮಯ ಮುಂದಕ್ಕೆ ಹೋಗುತ್ತೆ. ಗಡುವಿಗೆ ಮುಂಚೆ ಆ ಕಾರ್ಡಿಗೆ ಒಂದಾದ್ರೂ ಬಿಡ್ ಮಾಡದವರನ್ನ ಆಮೇಲೆ ಒಳಗೇ ಬಿಡದ ಕಡೆಗಳಿವೆ. ಕೊನೆ ಸೆಕೆಂಡ್ ಅಂತ ಕೂತ್ರೆ ಬಾಗಿಲು ಮುಚ್ಚಿರುತ್ತೆ. ಅಲ್ಲಿ 1,000ಕ್ಕೆ ಗೆದ್ರೆ ಶೇ. 20 ಕೊಳ್ಳುವವರ ಕಮಿಷನ್ ಸೇರಿ 1,200, ನ್ಯೂಜೆರ್ಸಿಯ ವಿಳಾಸವಾದ್ರೆ ಅದರ ಮೇಲೆ ಶೇ. 6.625 ತೆರಿಗೆ, ಒಟ್ಟು 1,279.50. ಸಾಗಣೆ ಬೇರೆ.

ಕೊನೆಕ್ಷಣ:
ಕೇಳಿರೋದು ಈಬೇ ಹರಾಜು. ಹರಾಜು ಮನೆ ಯಾಕೆ ತಂದ್ರಿ?

ಮಡಿಕೆಗೆರೆ:
ಓರೆ ಬೆಳಕಿನ ಫೋಟೋ ಬಂತಾ?

ಹರಾಜುಕಟ್ಟೆ:
ಮಾರುವವರು ಈಗಷ್ಟೇ ಉತ್ತರಿಸಿದ್ರು, "ಸ್ಕ್ಯಾನಲ್ಲೇ ಎಲ್ಲಾ ಕಾಣುತ್ತೆ" ಅಂತ. ಅಂಚಿನ ಹತ್ತಿರದ ಫೋಟೋ ಕೇಳಿದ್ದೀನಿ. ಯುವಿ ಫೋಟೋನೂ ಕೇಳಿದ್ದೀನಿ.

ಗೌಡಿಗೂಡು33:
ಯುವಿ ಫೋಟೋ ಯಾಕೆ?!