‘ಫಿಸಿಕಲ್ ಲೇಯರ್ ಸೆಕ್ಯೂರಿಟಿ’: ತಳಪದರದ ಭದ್ರತೆ ಎನ್ನಬಹುದೇ?

ಗೆಳೆಯರೇ,

ವೈರ್‌ಲೆಸ್ ಸಂಪರ್ಕದ ಬಗ್ಗೆ ಕಾಲೇಜು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಫಿಸಿಕಲ್ ಲೇಯರ್ ಸೆಕ್ಯೂರಿಟಿ’ಗೆ ಒಳ್ಳೆಯ ಪದ ಬೇಕಾಗಿದೆ. ‘ಭೌತಿಕ ಭದ್ರತೆ’ ಎಂದರೆ ಟವರ್ ಸುತ್ತ ಬೇಲಿ, ಗೇಟಿನಲ್ಲಿ ಕಾವಲುಗಾರ ನೆನಪಾಗುತ್ತಾರೆ. ವಿಷಯ ಅದಲ್ಲವೇ ಅಲ್ಲ.

ಸಾಮಾನ್ಯವಾಗಿ ಸಂದೇಶವನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತೇವೆ. ಕೀಲಿ ಇದ್ದವರಿಗೆ ಮಾತ್ರ ಅದು ಅರ್ಥವಾಗುತ್ತದೆ. ಇಲ್ಲಿ ರೇಡಿಯೋ ಅಲೆ ಸಾಗುವ ದಾರಿಯ ಗುಣವೇ ಗುಟ್ಟು ಕಾಯುತ್ತದೆ. 1975ರಲ್ಲಿ ಬೆಲ್ ಲ್ಯಾಬ್ಸ್‌ನ ಆರನ್ ವೈನರ್ ಇದನ್ನು ಗಣಿತದಲ್ಲಿ ತೋರಿಸಿದರು. ಕದ್ದು ಕೇಳುವವರಿಗೆ ಸಿಗುವ ಸಿಗ್ನಲ್ ಸರಿಯಾದವರಿಗೆ ಸಿಗುವುದಕ್ಕಿಂತ ಕೆಟ್ಟದಾಗಿದ್ದರೆ, ತಕ್ಕ ಕೋಡಿಂಗ್ ಮಾಡಿ ಕೀಲಿಯಿಲ್ಲದೆಯೂ ಗುಟ್ಟು ಉಳಿಸಬಹುದು. ಆಂಟೆನಾಗಳು ಜಾಸ್ತಿ ಇದ್ದರೆ ಬೇಕಂತಲೇ ಗದ್ದಲ ಬೆರೆಸಿ ಕಳಿಸುವುದೂ ಉಂಟು. ಬೇರೆ ಬೇರೆ ಆಂಟೆನಾಗಳಿಂದ ಹೊರಟ ಆ ಗದ್ದಲ, ಕೇಳಬೇಕಾದವರ ಹತ್ತಿರ ಒಂದಕ್ಕೊಂದು ವಜಾ ಆಗಿ ಸೊನ್ನೆಯಾಗುತ್ತದೆ. ಉಳಿದ ಕಡೆ ಹಾಗೇ ಇರುತ್ತದೆ. ಎಷ್ಟು ಸೊಗಸಾದ ಉಪಾಯ, ಅಲ್ವಾ?

‘ಕೀಲಿಯಿಲ್ಲದ ಭದ್ರತೆ’ ಎಂದೂ ಯೋಚಿಸಿದೆ. ಒಪ್ಪುವುದಿಲ್ಲ. ಇದೇ ವಿದ್ಯೆಯಲ್ಲಿ ಎರಡೂ ತುದಿಯವರು ತಮ್ಮ ನಡುವಿನ ದಾರಿಯ ಏರಿಳಿತ ಅಳೆದು, ಅದರಿಂದಲೇ ಒಂದೇ ಕೀಲಿ ಹುಟ್ಟಿಸಿಕೊಳ್ಳುತ್ತಾರೆ. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಸುತ್ತ ಗೋಡೆ, ಪೀಠೋಪಕರಣ ತುಂಬಿದ ಕಡೆ ಅದರ ಅರ್ಧದಷ್ಟು ಪಕ್ಕಕ್ಕೆ ಸರಿದರೂ ಏರಿಳಿತ ಬಹಳಷ್ಟು ಬದಲಾಗಿರುತ್ತದೆ. ಹಾಗಾಗಿ ಬೇರೆ ಕಡೆ ನಿಂತು ಕದ್ದು ಕೇಳುವವರಿಗೆ ಅದೇ ಕೀಲಿ ಸಿಗುವುದು ಕಷ್ಟ.

ಜಾಲದ ಏಳು ಪದರಗಳ ಮಾದರಿಯಲ್ಲಿ ‘ಫಿಸಿಕಲ್ ಲೇಯರ್’ ಎಲ್ಲಕ್ಕಿಂತ ಕೆಳಗಿನದು. ಹಾಗಾಗಿ ‘ತಳಪದರದ ಭದ್ರತೆ’ ನನಗೆ ಹಿಡಿಸಿದೆ.

‘ವೈರ್‌ಟ್ಯಾಪ್’ಗೆ ‘ಕದ್ದಾಲಿಕೆ’ ಸಿದ್ಧವಾಗಿದೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟ ದೂರವಾಣಿ ಕದ್ದಾಲಿಕೆ ಪ್ರಕರಣದ ಬಗ್ಗೆ ಓದಿದವರಿಗೆಲ್ಲ ಪದ ಗೊತ್ತು. ಕದ್ದು ಕೇಳುವವರೂ ಇರುವ ಸಂಪರ್ಕದ ದಾರಿಗೆ, ಅಂದರೆ ‘ವೈರ್‌ಟ್ಯಾಪ್ ಚಾನೆಲ್’ಗೆ, ‘ಕದ್ದಾಲಿಕೆ ಚಾನೆಲ್’ ಎಂದರೆ ಸಾಕು.

ತೊಡಕು ಇರುವುದು ‘ಸೀಕ್ರೆಸಿ’ಯಲ್ಲಿ. ಮಂತ್ರಿಗಳು ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ ಸ್ವೀಕರಿಸುತ್ತಾರೆ. ಆ್ಯಪ್‌ಗಳಲ್ಲಿ ‘ಪ್ರೈವೆಸಿ ಪಾಲಿಸಿ’ ‘ಗೌಪ್ಯತಾ ನೀತಿ’ಯಾಗಿದೆ. ಮೂಲ ‘ಗೋಪ್ಯ’ ಆದ್ದರಿಂದ ‘ಗೋಪ್ಯತೆ’ಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಆದರೆ ಒಂದೇ ಪದ ಸೀಕ್ರೆಸಿಗೂ ಪ್ರೈವೆಸಿಗೂ ಬಂದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಪ್ರೈವೆಸಿಗೆ ‘ಖಾಸಗಿತನ’ ಬಿಟ್ಟು, ಇಲ್ಲಿಗೆ ‘ಗುಟ್ಟು’ ಇಟ್ಟುಕೊಳ್ಳೋಣ.

ಹಾಗಾದರೆ ‘ಸೀಕ್ರೆಸಿ ಕೆಪಾಸಿಟಿ’? ಕದ್ದಾಲಿಸುವವರಿಗೆ ಏನೂ ತಿಳಿಯದ ಹಾಗೆ ಹೆಚ್ಚೆಂದರೆ ಎಷ್ಟು ವೇಗದಲ್ಲಿ ಸಂದೇಶ ಕಳಿಸಬಹುದು ಎಂಬ ಅಳತೆ ಅದು. ‘ಗುಟ್ಟಿನ ಸಾಮರ್ಥ್ಯ’ ಎಂದರೆ ಗುಟ್ಟಿಗೇ ಏನೋ ಶಕ್ತಿ ಇದ್ದಂತೆ ಕೇಳುತ್ತದೆ. ‘ಗುಟ್ಟುಮಿತಿ’ ಎಂದು ಬರೆದಿಟ್ಟಿದ್ದೇನೆ. ಇದು ನಡೆಯುತ್ತದೆಯೇ? ಎಂಜಿನಿಯರಿಂಗ್ ಪಾಠವನ್ನು ಕನ್ನಡದಲ್ಲಿ ಹೇಳುವವರು ತರಗತಿಯಲ್ಲಿ ಏನು ಬಳಸುತ್ತೀರಿ ಎಂದು ದಯವಿಟ್ಟು ತಿಳಿಸಿ.