ಅಹವಾಲು ಸಭೆಯಲ್ಲಿ ಜನ ಬೇಡ ಅಂದರೂ ವಿದ್ಯುತ್ ಯೋಜನೆಗೆ ಅನುಮತಿ ಸಿಗುತ್ತದಾ?

ಹೊಳೆಬದಿ:
ಶರಾವತಿ ಪಂಪ್ಡ್ ಸ್ಟೋರೇಜ್ ವಿಚಾರ, ಅಂದರೆ ಕರೆಂಟ್ ಜಾಸ್ತಿ ಇದ್ದಾಗ ನೀರು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ತೆಗೆಯುವುದು. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ನಡುವೆ ಸಿಂಗಳೀಕಗಳ ಕಾಡಿನಡಿ ಸುರಂಗ ಕೊರೆದು 2000 ಮೆಗಾವಾಟ್ ತೆಗೆಯುವ ಕೆಪಿಸಿ (ಕರ್ನಾಟಕ ವಿದ್ಯುತ್ ನಿಗಮ) ಯೋಜನೆ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ಸಭೆ ಆಯಿತು, ವಿರೋಧ ಜೋರಾಗಿಯೇ ಬಂತು. ಊರಲ್ಲಿ ಕೆಲವರು ಇನ್ನು ಯೋಜನೆ ಬರಲ್ಲ ಅನ್ನುತ್ತಾರೆ, ಕೆಲವರು ಸಭೆ ಮಾಡಿದ್ದೇ ಸುಮ್ನೆ ಶಾಸ್ತ್ರಕ್ಕೆ ಅನ್ನುತ್ತಾರೆ. ಯಾವುದು ನಿಜ? ನಮ್ಮ ಅಡಿಕೆ ತೋಟ ಹೊಳೆ ಪಕ್ಕದಲ್ಲೇ ಇದೆ, ತಿಳಿದವರು ಹೇಳಿ.

ಕಡತ ಓದುವವ:
ಎರಡೂ ಪೂರ್ತಿ ನಿಜವಲ್ಲ. ಅದು ಮತದಾನ ಅಲ್ಲ, ಕೈ ಎತ್ತಿದವರ ಲೆಕ್ಕದ ಮೇಲೆ ಯಾರೂ ತೀರ್ಮಾನ ಮಾಡುವುದಿಲ್ಲ. 2006ರ ಇಐಎ (ಪರಿಸರದ ಮೇಲಿನ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಡಿಸಿ ಅವರದ್ದು ಅಥವಾ ಅವರು ಕಳಿಸಿದ ಅಧಿಕಾರಿಯದ್ದು. ಅನುಮತಿ ಕೊಡುವ ಅಧಿಕಾರ ಇಬ್ಬರಿಗೂ ಇಲ್ಲ. ನಡಾವಳಿ ದೆಹಲಿಗೆ ಹೋಗುತ್ತದೆ. ಜನ ಎತ್ತಿದ ಆಕ್ಷೇಪಗಳಿಗೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು, ಅದನ್ನು ನೋಡಿ ತಜ್ಞರ ಸಮಿತಿ ಶಿಫಾರಸು ಮಾಡುತ್ತದೆ, ಆಮೇಲೆ ಕೇಂದ್ರ ಪರಿಸರ ಸಚಿವಾಲಯದ ತೀರ್ಮಾನ.

ಅದಕ್ಕೇ ಬರೀ 'ಬೇಡ' ಅಂದರೆ ಸಾಲದು. ಸುರಂಗದ ಕಲ್ಲು ಮಣ್ಣು ಎಲ್ಲಿ ಸುರಿಯುತ್ತಾರೆ, ಬಂಡೆ ಸಿಡಿಸಿದರೆ ಯಾವ ಒರತೆ ಬತ್ತಬಹುದು, ಬೇಸಿಗೆಯಲ್ಲಿ ಕೆಳಗೆ ಬಿಡುವ ನೀರು ಕಮ್ಮಿಯಾದರೆ ಉಪ್ಪುನೀರು ಎಲ್ಲಿವರೆಗೆ ಏರುತ್ತದೆ, ಹೀಗೆ ಕೇಳಿದರೆ ಅವರು ಉತ್ತರ ಕೊಡದೆ ಜಾರಿಕೊಳ್ಳುವುದು ಕಷ್ಟ. ಮೊದಲು ನಡಾವಳಿಯ ಪ್ರತಿ ತೆಗೆದುಕೊಂಡು ನಿಮ್ಮ ಮಾತು ಸರಿಯಾಗಿ ದಾಖಲಾಗಿದೆಯಾ ನೋಡಿ.

ಇನ್ನೊಂದು, ಪರಿಸರ ಅನುಮತಿ ಒಂದೇ ಸಾಕಾಗುವುದಿಲ್ಲ. ಜಾಗ ಅಭಯಾರಣ್ಯದೊಳಗಿದೆ, ಹಾಗಾಗಿ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇರೆ ಬೇಕು, ಅರಣ್ಯ ಭೂಮಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಬೇರೆ ಬೇಕು.

ಬಯಲುಸೀಮೆ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹಗಲು ಸೋಲಾರ್ ಕರೆಂಟ್ ಇದೆ, ಸಂಜೆ ಬೇಡಿಕೆ ಏರುವಾಗ ಅದಿಲ್ಲ, ಎಲ್ಲಾದರೂ ಕೂಡಿಡಬೇಕು ಅಲ್ವಾ?

ಕಡತ ಓದುವವ:
ಕೂಡಿಡಬೇಕು, ಒಪ್ಪುತ್ತೇನೆ. ಆದರೆ ನೀರು ಮೇಲೆತ್ತಲು ಹೋಗುವ ಕರೆಂಟ್, ಅದು ಇಳಿಯುವಾಗ ಸಿಗುವುದಕ್ಕಿಂತ ಜಾಸ್ತಿ. ಹಾಗಿದ್ದ ಮೇಲೆ ಈ ಕಾಡೇ ಯಾಕೆ, ಬೇರೆ ಜಾಗ ಅಥವಾ ಬ್ಯಾಟರಿ ಯಾಕಾಗಲ್ಲ? ಬದಲಿ ದಾರಿಗಳಿಗೆಂದೇ ವರದಿಯಲ್ಲಿ ಒಂದು ಅಧ್ಯಾಯ ಇರಬೇಕು. ನಿಮ್ಮ ಪ್ರಶ್ನೆಯನ್ನು ಅಲ್ಲೇ ಇಟ್ಟು ನೋಡಿ.

ಕಾಪು ಕಡೆಯವಳು:
ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ಸ್ಥಾವರ ನೆನಪಿಡಿ. 1200 ಮೆಗಾವಾಟ್, ಅನುಮತಿ ಎಲ್ಲ ಇತ್ತು. ಸುತ್ತಲಿನ ಪರಿಸರ ಹಾಳಾಗಿದ್ದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಕಟ್ಟಲು ಹೇಳಿದ್ದು 2022ರಲ್ಲಿ, ಅಷ್ಟು ಹೊತ್ತಿಗೆ ಮೊದಲ ಘಟಕ ಶುರುವಾಗಿ ಹತ್ತು ವರ್ಷ ದಾಟಿತ್ತು. ಹಾಳಾದ ಗದ್ದೆ ಬಾವಿಗೆ ಆಮೇಲೆ ಬರುವ ದುಡ್ಡು ಏನೇನೂ ಸಾಲದು. ಈಗಲೇ ನಿಮ್ಮ ಬಾವಿ ನೀರು ಪರೀಕ್ಷೆ ಮಾಡಿಸಿ, ತೋಟದ ಫೋಟೋ ತಾರೀಖು ಸಮೇತ ಇಡಿ. ನಾಳೆ ಮೊದಲಿನಿಂದಲೂ ಹೀಗೇ ಇತ್ತು ಅಂತ ಯಾರೂ ಹೇಳಬಾರದು.

ಹೊಳೆಬದಿ:
ಇಬ್ಬರಿಗೂ ಥ್ಯಾಂಕ್ಸ್. ಒಂದು ವೇಳೆ ಅನುಮತಿ ಕೊಟ್ಟೇಬಿಟ್ಟರೆ?

ಕಡತ ಓದುವವ:
ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. 30 ದಿನದೊಳಗೆ ಹಾಕಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನದವರೆಗೆ ಒಪ್ಪಬಹುದು, ಅದರಾಚೆ ಇಲ್ಲ. ಪರಿವೇಶ್ ಪೋರ್ಟಲ್‌ನಲ್ಲಿ (ಪರಿಸರ ಸಚಿವಾಲಯದ ಅನುಮತಿ ಅರ್ಜಿಗಳ ಜಾಲತಾಣ) ಕಡತ ಎಲ್ಲಿಗೆ ಬಂತು ಅಂತ ವಾರಕ್ಕೊಮ್ಮೆ ಯಾರಾದರೊಬ್ಬರು ನೋಡುತ್ತಿರಿ.