ಟ್ರೈಲೋಬೈಟ್ ದುಂಬಿ: ಮರಿಹುಳುವಿನ ಲಕ್ಷಣಗಳನ್ನು ವರ್ಗೀಕರಣಕ್ಕೆ ಎಷ್ಟು ನಂಬಬಹುದು?

ಪ್ರಶ್ನೆ

ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಬೋರ್ನಿಯೊದ ಸರವಾಕ್‌ನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣ, ಕೊಳೆತ ಮರದ ದಿಮ್ಮಿಯ ಮೇಲೆ ಕಂಡ ಹುಳುವೊಂದರ ಚಿತ್ರಗಳನ್ನು ಕಳುಹಿಸಿದ್ದಾನೆ. ಸುಮಾರು 6 ಸೆಂ.ಮೀ. ಉದ್ದವಿದೆ. ಎದೆಯ ಮೂರು ಖಂಡಗಳು ಗುರಾಣಿಗಳಂತೆ ಹರಡಿಕೊಂಡಿವೆ, ಹೊಟ್ಟೆಯ ಖಂಡಗಳ ಅಂಚಿನಲ್ಲಿ ಮುಳ್ಳಿನಂಥ ಚಾಚುಗಳಿವೆ, ತಲೆಯಂತೂ ಮೊದಲ ಗುರಾಣಿಯಡಿ ಅಡಗಿ ಕಾಣಿಸುವುದೇ ಇಲ್ಲ. ಇದು ಟ್ರೈಲೋಬೈಟ್ ದುಂಬಿ, ಅಂದರೆ ಪ್ಲಾಟೆರೋಡ್ರಿಲಸ್ ಕುಲದ್ದಿರಬಹುದೆಂದು ನನ್ನ ಊಹೆ. ಆದರೆ ನಾವು ಓದಿರುವ ಗುರುತಿನ ಸೂಚಿಗಳೆಲ್ಲ ಪ್ರೌಢ ಕೀಟದ ರೆಕ್ಕೆ, ಮೀಸೆ, ಗಂಡಿನ ಜನನಾಂಗಗಳನ್ನೇ ಕೇಳುತ್ತವೆ. ಮರಿಹುಳುವಿನ ಲಕ್ಷಣಗಳಿಂದಲೇ ಪ್ರಭೇದದ ಮಟ್ಟಕ್ಕೆ ತಲುಪಲು ಸಾಧ್ಯವೇ?

ಉತ್ತರ 1

ನಿಮ್ಮ ಊಹೆ ಸರಿಯಿರಬಹುದು. ಇದು ಲೈಸಿಡೆ ಕುಟುಂಬಕ್ಕೆ ಸೇರಿದ ದುಂಬಿ. ಪ್ಲಾಟೆರೋಡ್ರಿಲಸ್ ಕುಲದ ಹೆಣ್ಣಿಗೆ ರೆಕ್ಕೆ ಬರುವುದೇ ಇಲ್ಲ. ಅದು ಮರಿಹುಳುವಿನ ರೂಪದಲ್ಲೇ ಬೆಳೆದು, ಅದೇ ರೂಪದಲ್ಲಿ ಕೂಡಿ ಮೊಟ್ಟೆಯಿಡುತ್ತದೆ. ಗಂಡು ಮಾತ್ರ ಒಂದು ಸೆಂ.ಮೀ.ಗೂ ಚಿಕ್ಕದಾದ, ರೆಕ್ಕೆಯಿರುವ ಸಾಧಾರಣ ದುಂಬಿ. ಈ ಜೋಡಿಯ ಗುಟ್ಟನ್ನು ಬಿಡಿಸಿದವರು ಸರವಾಕ್ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಸ್ವೀಡನ್ನಿನ ಎರಿಕ್ ಮ್ಯೋಬರ್ಗ್. ಅವರ ಲೇಖನ 1925ರಲ್ಲಿ ಪ್ರಕಟವಾಯಿತು.

ತೊಡಕು ಇರುವುದು ಇಲ್ಲಿಯೇ. ಬಲೆಗೆ ಬಿದ್ದ ಗಂಡನ್ನೂ ದಿಮ್ಮಿಯ ಮೇಲೆ ಸಿಕ್ಕ ಹೆಣ್ಣನ್ನೂ ಅಕ್ಕಪಕ್ಕ ಇಟ್ಟರೆ, ಇವೆರಡೂ ಒಂದೇ ಪ್ರಭೇದವೆನ್ನಲು ಮೈಕಟ್ಟಿನಲ್ಲಿ ಯಾವ ಆಧಾರವೂ ಸಿಗದು. 2014ರಲ್ಲಿ ಕೀಟತಜ್ಞರಾದ ಮಾಸೆಕ್ ಮತ್ತು ಬೋಚಾಕ್ ಈ ಕುಲವನ್ನು ಪರಿಷ್ಕರಿಸಿದಾಗ, ಡಿಎನ್‌ಎ ಹೋಲಿಕೆಯಿಂದ ಕೆಲವು ಮರಿಹುಳುಗಳನ್ನು ಅವುಗಳ ಗಂಡುಗಳೊಂದಿಗೆ ಜೋಡಿಸಿದರು; ಗಂಡು ಗೊತ್ತಿಲ್ಲದ ಮರಿಹುಳುಗಳನ್ನೂ ವರ್ಣಿಸಿಟ್ಟರು. ಹಾಗೆ ಜೋಡಿಯಾದ ಮೇಲಷ್ಟೇ ಗುರಾಣಿಗಳ ಆಕಾರ, ಚಾಚುಗಳ ಉದ್ದ, ಮೈಮೇಲಿನ ಗುಬುಟುಗಳ ಜೋಡಣೆ ಇವೆಲ್ಲ ಗುರುತಿನ ಲಕ್ಷಣಗಳಾಗಿ ಬೆಲೆ ಪಡೆಯುತ್ತವೆ.

ಉತ್ತರ 2

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಲೈಸಿಡೆ ಕುಟುಂಬದಲ್ಲಿ ಹೆಣ್ಣು ಮರಿಹುಳುವಾಗಿಯೇ ಉಳಿಯುವ ಸ್ವಭಾವ ಒಂದಕ್ಕಿಂತ ಹೆಚ್ಚು ಬಾರಿ ಬೇರೆ ಬೇರೆಯಾಗಿ ಹುಟ್ಟಿದೆಯೆಂದು 2008ರ ಡಿಎನ್‌ಎ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಆ ಸ್ವಭಾವವನ್ನೇ ರಕ್ತಸಂಬಂಧದ ಪುರಾವೆಯೆಂದು ಹಿಡಿಯುವಂತಿಲ್ಲ. ಕುಟುಂಬದ ಮಟ್ಟದಲ್ಲಿ ನಾನು ನೋಡುವುದು ಬಾಯನ್ನು: ಲೈಸಿಡೆ ಮರಿಹುಳುವಿನ ದವಡೆ ಉದ್ದಕ್ಕೂ ಎರಡಾಗಿ ಸೀಳಿರುತ್ತದೆ. ಕೊಳೆತ ಮರದ ರಸವನ್ನು ಹೀರುವ ಬಾಯಿ ಅದು, ಅಗಿಯುವುದಲ್ಲ. ಕಣ್ಣು ಸೆಳೆಯುವ ಗುರಾಣಿಗಿಂತ ಸೂಕ್ಷ್ಮದರ್ಶಕದಡಿ ಮಾತ್ರ ಕಾಣುವ ಈ ಸೀಳು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಚಿತ್ರದಲ್ಲಿರುವುದು ಮರಿಯೋ ಪ್ರೌಢ ಹೆಣ್ಣೋ ಎಂದು ತಿಳಿಯುವುದು ಹೇಗೆ?

ಉತ್ತರ 1

ಬೆನ್ನಿನ ಕಡೆಯ ಚಿತ್ರದಿಂದ ತಿಳಿಯದು. ಪ್ರೌಢ ಹೆಣ್ಣಿಗಾದರೆ ಹೊಟ್ಟೆಯ ತುದಿಯ ಬಳಿ, ಕೆಳಮೈಯಲ್ಲಿ ಜನನರಂಧ್ರವಿರುತ್ತದೆ, ಮರಿಗೆ ಇರುವುದಿಲ್ಲ. ಅಣ್ಣನಿಗೆ ಅದೇ ಹುಳು ಮತ್ತೆ ಕಂಡರೆ, ಮೆಲ್ಲಗೆ ಮಗುಚಿ ಕೆಳಮೈಯ ಚಿತ್ರವೊಂದನ್ನು ತೆಗೆದು ಮತ್ತೆ ದಿಮ್ಮಿಯ ಮೇಲೆ ಬಿಡಲು ಹೇಳಿ. ಅನುಮತಿಯಿಲ್ಲದೆ ಹಿಡಿದು ತರುವುದು ಬೇಡ.